ಪಾನಪಾತ್ರೆ ನನ್ನ ಟ್ರಂಕಿನಲ್ಲಿದೆ

ಬೆಂಗೇರಿ, ಮಾರ್ಚ್ ೧೦

ನಮ್ಮ ಚರ್ಚಿನ ಸಭೆಯ ಪಾಲಕರಾದ ಸುಧೀರ ಅಯ್ಯನವರಿಗೆ, ಪಾನಪಾತ್ರೆ ತೊಳೆಯುವ ರೂತವ್ವ ಬರೆಯುವುದು.

ನನ್ನಂಥವಳ ಕೈಗೆ ಪೆನ್ನು ಕೊಟ್ಟಿರಲ್ಲ, ಏನು ಹೇಳಲಿ ನಿಮಗೆ? ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಬಾಯಿಂದ ಹೇಳಬೇಕೆಂದು ಎರಡು ಸಲ ನಿಮ್ಮ ಬಾಗಿಲಿಗೆ ಬಂದೆ. “ರೂತವ್ವ, ಬರದು ಕೊಡ್ರಿ, ಕಮಿಟಿ ಮುಂದ ಇಡ್ತೇನಿ” ಎಂದು ನಾನು ಚಪ್ಪಲಿ ಬಿಡುವ ಮೊದಲೇ ಸಾಗಹಾಕಿದಿರಿ. ಸರಿ, ಬರೆದಿದ್ದೇನೆ. ಆದರೆ ಕಮಿಟಿಗಲ್ಲ, ನಿಮಗೆ.

ಒಂದನೇ ತಾರೀಖಿನ ಭಾನುವಾರ ಪೀಠದ ಮೇಲಿಂದ ನೀವು ಮಾಡಿದ ಪ್ರಸಂಗ ಛಲೋ ಇತ್ತು. ದೂರದ ಯಾವುದೋ ದೇಶದಲ್ಲಿ ಕರಿಯರನ್ನು ಬಸ್ಸಿನ ಸೀಟಿನಿಂದ ಎಬ್ಬಿಸುತ್ತಿದ್ದರು ಎಂದು ಹೇಳಿದಿರಿ. ಹೆಂಗಸರೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ. ಅದಾಗಿ ಅರ್ಧ ತಾಸಿಗೆ ತಿಂಗಳಿಗೊಮ್ಮೆಯ ಕರ್ತನ ಭೋಜನ, ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುವ ಹೊತ್ತು. ನೀಮಾ ಎಲ್ಲರಿಗಿಂತ ಮುಂಚೆ ಹೋಗಿ ವೇದಿಯ ಮುಂದಿನ ಕಟಕಟೆಯ ಎಡತುದಿಗೆ ಮೊಣಕಾಲೂರಿದಳು. ತಾಂಜಾನಿಯಾದಿಂದ ಫಾರ್ಮಸಿ ಓದಲು ಬಂದು, ನಮ್ಮ ಓಣಿಯಲ್ಲೇ ಬಾಡಿಗೆ ರೂಮಿನಲ್ಲಿರುವ ಹುಡುಗಿ. ನೀವು ಬಂದ ನಾಲ್ಕು ವರ್ಷದಿಂದ ಪಾತ್ರೆ ಎಡತುದಿಯಿಂದಲೇ ಹೊರಟಿದೆ. ಆ ಲೆಕ್ಕಕ್ಕೆ ಅವಳೇ ಮೊದಲು ಕುಡಿಯಬೇಕಿತ್ತು. ಪಕ್ಕದಲ್ಲಿದ್ದ ಕಮಿಟಿ ಸೆಕ್ರೆಟರಿಯ ಹೆಂಡತಿ ಸುಲೋಚನಾ ತಲೆ ಎತ್ತಿ, “ಅಯ್ಯನವರ, ಇವತ್ತ ಆ ಕಡಿಂದ ಬರ್ರಿ” ಅಂದಳು. ನೀವು ಸುಲೋಚನಾಳ ಮುಖ ನೋಡಿದಿರಿ, ನೀಮಾಳ ಮುಖ ನೋಡಲಿಲ್ಲ. ತಿರುಗಿ ಬಲತುದಿಗೆ ನಡೆದಿರಿ.

ಎಲ್ಲರದೂ ಆದ ಮೇಲೆ ಅವಳು ಒಂದು ಗುಟುಕು ಕುಡಿದಳು. ಮಿಕ್ಕದ್ದನ್ನು ಪಾಲಕರೇ ಕುಡಿದು ಮುಗಿಸಬೇಕು. ನಾನು ಕಂಡ ಆರು ಅಯ್ಯನವರೂ ಹಾಗೇ ಮಾಡಿದ್ದಾರೆ. ಒಬ್ಬರಂತೂ ಜ್ವರದಲ್ಲಿ ನಡುಗುತ್ತ ಕುಡಿದರು. ನೀವು ಕುಡಿಯಲಿಲ್ಲ. ಪಾತ್ರೆಯನ್ನು ನನ್ನ ಕೈಗಿಟ್ಟು, “ರೂತವ್ವ, ಬಿಸಿನೀರಾಗ ಛಲೋತ್ನಾಗಿ ತೊಳೀರಿ” ಅಂದಿರಿ. ಹುಡುಗಿ ಇನ್ನೂ ಮೊಣಕಾಲ ಮೇಲೇ ಇದ್ದಳು. ಅವಳಿಗೆ ಕನ್ನಡ ತಿಳಿಯುವುದಿಲ್ಲ ಅಂದುಕೊಂಡಿರಾ? ದಿನಾ ಮುಂಜಾನೆ ಮನೆ ಯಜಮಾನಿಯ ಹತ್ತಿರ ಬಿಸಿನೀರು ಕೇಳಿ ಕೇಳಿ, ಅವಳು ಮೊದಲು ಕಲಿತದ್ದೇ ಆ ಮಾತು.

ಮಿಕ್ಕದ್ದನ್ನು ನಾನು ಕುಡಿದೆ, ಒಳಕೋಣೆಯಲ್ಲಿ ನಿಂತು. ನನಗೆ ಅಧಿಕಾರವಿಲ್ಲ, ಗೊತ್ತು. ಆಮೇಲೆ ಯಾವಾಗಿನಂತೆ ಪಾತ್ರೆಯನ್ನು ಮನೆಗೆ ತಂದು, ಮೆತ್ತನೆ ಬೂದಿ ಹಚ್ಚಿ ತೊಳೆದೆ. ತಣ್ಣೀರಿನಲ್ಲಿ.

ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಅವಳು ಮೊದಲ ಸಲ ಸಭೆಗೆ ಬಂದ ದಿನ ಬಾಗಿಲಲ್ಲಿ ನನ್ನ ಕೈ ಹಿಡಿದು ವಂದನೆ ಹೇಳಿದಳು. ಕೈ ಬಿಟ್ಟ ಮೇಲೆ ನಾನು ಅಂಗೈ ತಿರುಗಿಸಿ ನೋಡಿಕೊಂಡೆ, ಬಣ್ಣ ಹತ್ತಿದೆಯೋ ಎಂದು. ಎಪ್ಪತ್ತಮೂರು ವರ್ಷದ ಮುದುಕಿ! ಅವಳು ನೋಡಿಬಿಟ್ಟಳು. “ಅಜ್ಜಿ, ಹತ್ತೂದಿಲ್ಲ. ಪಕ್ಕಾ ಕಲರ್ ಐತಿ” ಅಂದಳು, ಬಟ್ಟೆ ಅಂಗಡಿಯಲ್ಲಿ ಕಲಿತ ಮಾತು. ನಗುತ್ತಲೇ ಆ ಕೈಯನ್ನು ಬ್ಯಾಗಿನ ಹಿಂದೆ ಸರಿಸಿಕೊಂಡಳು.

ಇದೇ ಕಟಕಟೆಯ ಕೊನೆಗೆ ನಮ್ಮಜ್ಜಿ ಮೊಣಕಾಲೂರುತ್ತಿದ್ದಳು. ಕ್ರಿಸ್ತನ ಹತ್ತಿರ ಬಂದರೂ ಜಾತಿ ಅವಳ ಬೆನ್ನು ಬಿಟ್ಟಿರಲಿಲ್ಲ. ಮೇಲಿನವರೆಲ್ಲ ಕುಡಿದಾದ ಮೇಲೆ ಅವಳಿಗೆ ಪಾತ್ರೆ. “ಕೊನೀಗಿ ಬಂದ್ರೇನಾತು, ರಸಾ ಒಂದ ಐತಿ” ಎನ್ನುತ್ತಿದ್ದಳು. ಹಾಗೆನ್ನುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಈಗ ಕಮಿಟಿಯವರು ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಗ್ಲಾಸು ತರಿಸುತ್ತಾರಂತೆ, ಸ್ವಚ್ಛತೆಗೆಂದು. ಕೊರೊನಾ ಕಾಲದಲ್ಲಿ ಪಾತ್ರೆ ಮುಚ್ಚಿಡಿ ಅಂದಾಗ ಮೊದಲು ಹ್ಞೂಂ ಅಂದವಳು ನಾನೇ. ರೋಗ ಹೋಗಿ ಇಷ್ಟು ವರ್ಷ ಎಲ್ಲರೂ ಇದೇ ಪಾತ್ರೆಗೆ ತುಟಿ ಹಚ್ಚಿದರಲ್ಲ, ಆಗ ಎಲ್ಲಿತ್ತು ಈ ಸ್ವಚ್ಛತೆ?

ಎಂಟನೇ ತಾರೀಖಿನ ಭಾನುವಾರ ನೀಮಾ ಸಭೆಗೆ ಬರಲಿಲ್ಲ. ಕರೆಯಲು ಹೋದರೆ, “ಅಜ್ಜಿ, ರೂಮ್‌ದಾಗೂ ದೇವರು ಇದ್ದಾನ. ಸಾಕು” ಅಂದಳು. ಈಸ್ಟರಿಗೂ ಬರುವುದಿಲ್ಲವಂತೆ. ದೇವರ ಮನೆಗೆ ತಾನಾಗಿ ಬಂದವಳನ್ನು ರೂಮಿಗೆ ಅಟ್ಟಿದ್ದೀರಿ.

ಬರುವ ಭಾನುವಾರ ಪೀಠ ಹತ್ತಿ ಇದನ್ನು ಹೇಳಬೇಕು. ಆ ಬಸ್ಸಿನ ದೇಶಕ್ಕೆ ಮತ್ತೆ ಹೋಗಬೇಡಿ. ಎಡತುದಿಯಿಂದ ಬಲತುದಿಗೆ ಎಷ್ಟು ಹೆಜ್ಜೆಯೋ ಅಷ್ಟೇ ದೂರ ಹೋದರೆ ಸಾಕು. “ನಾವೆಲ್ಲರೂ ಪಾಪಿಗಳು” ಅನ್ನಬೇಡಿ, ಆ ಮಾತಿನ ಹಿಂದೆ ಇಡೀ ಸಭೆ ಅಡಗಿ ಕೂರುತ್ತದೆ. “ನಾನು ಪಾತ್ರೆಯನ್ನು ಬಲತುದಿಗೆ ತಿರುಗಿಸಿದೆ, ಮಿಕ್ಕದ್ದನ್ನು ಕುಡಿಯಲಿಲ್ಲ, ಅವಳ ಬಣ್ಣ ನೋಡಿ ಹಾಗೆ ಮಾಡಿದೆ” ಅನ್ನಿ. ಹುಡುಗಿಯನ್ನು ಮುಂದೆ ಕರೆದು ಶಾಲು ಹೊದಿಸಬೇಡಿ, ಅವಳೇನು ಸನ್ಮಾನ ಕೇಳಿಲ್ಲ. ಸುಲೋಚನಾ ಎದ್ದು ಹೋದರೆ ಹೋಗಲಿ. ಸೆಕ್ರೆಟರಿ ಬಿಷಪ್ಪರಿಗೆ ಬರೆದು ನಿಮ್ಮನ್ನು ವರ್ಗ ಮಾಡಿಸುತ್ತಾನೆ ಎಂಬ ಭಯವೇ? ಮಾಡಿಸಲಿ. ಹೋಗುವ ಊರಿನಲ್ಲೂ ಒಂದು ಕಟಕಟೆ ಇರುತ್ತದೆ. ನಿಮ್ಮ ಮಾತು ಮುಗಿದ ಮೇಲೆ ನಾನೂ ಎದ್ದು ನಿಂತು ಅಂಗೈಯ ಕಥೆ ಹೇಳುತ್ತೇನೆ.

ಪಾತ್ರೆಯನ್ನು ನಾನು ವಾಪಸ್ ತಂದಿಲ್ಲ. ಮದುವೆ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ. ಕಳವು ಅನ್ನುವುದಾದರೆ ಅನ್ನಿ. ಪೊಲೀಸರನ್ನು ಕಳಿಸಿದರೆ ಚಹಾ ಕೊಡುತ್ತೇನೆ, ಕೀಲಿ ಕೊಡುವುದಿಲ್ಲ. ನೀವು ಪೀಠದ ಮೇಲೆ ಬಾಯಿಬಿಟ್ಟರೆ ಈಸ್ಟರಿಗೆ ನಾನೇ ತರುತ್ತೇನೆ, ನೀಮಾಳ ಕಾಲು ಹಿಡಿದಾದರೂ ಕರೆದು ತರುತ್ತೇನೆ. ಅವಳು ಎಡತುದಿಗೆ, ಪಕ್ಕದಲ್ಲಿ ನಾನು, ಕೊನೆಯ ಗುಟುಕು ನಿಮ್ಮದು. ಇಲ್ಲವಾದರೆ ಗ್ಲಾಸಿನಲ್ಲಿ ಕುಡಿದುಕೊಳ್ಳಿ.

ದೇವರು ನಿಮಗೆ ಗಟ್ಟಿ ಗಂಟಲು ಕೊಡಲಿ.

ರೂತವ್ವ

ಶನಿವಾರ ಹದಿನಾಲ್ಕನೇ ತಾರೀಖು ಸಂಜೆ ಐದರೊಳಗೆ ಉತ್ತರ ಬೇಕು. ಕಮಿಟಿಯಿಂದಲ್ಲ, ನಿಮ್ಮಿಂದ.