ಆಫೀಸ್ ಮೇಲ್ ಐಡಿ

ಜೂನ್ 3, ಬೆಳಗ್ಗೆ 6.20

ಹಾಲು ಒಲೆಯ ಮೇಲಿಟ್ಟು ಮೇಲ್ ನೋಡಿದೆ. ಹಾಲು ಉಕ್ಕಿತು. ಉಕ್ಕಲಿ! ಕನ್ನಡ ಹೆಸರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸುವ ನನ್ನ ಕೋಡ್ ಲೈಬ್ರರಿಯನ್ನು ಪ್ರೋಗ್ರಾಮಿಂಗ್ ಭಾಷೆಯವರು ತಮ್ಮ ಭಾಷೆಯ ಒಳಕ್ಕೇ ಸೇರಿಸಿಕೊಳ್ಳುತ್ತಾರಂತೆ. ಹನ್ನೊಂದು ವರ್ಷದ ಕೆಲಸ. ಒಂದೇ ಷರತ್ತು — ಕೋಡನ್ನು ಯಾರು ಹೇಗೆ ಬಳಸಬಹುದೆಂಬ ಅವರ ಲೈಸೆನ್ಸ್‌ಗೆ ಬದಲಾಗಬೇಕು, ಕೋಡ್ ಬರೆದ ಪ್ರತಿಯೊಬ್ಬರೂ ಒಪ್ಪಿಗೆ ಬರೆದುಕೊಡಬೇಕು. ತಿಂಗಳ ಕೊನೆಯೊಳಗೆ. ಬರೆದವರು ಇಬ್ಬರೇ. ನಾನು, ನನ್ನ ಹಳೆಯ ಸ್ಟೂಡೆಂಟ್ ಚಿದಾನಂದ್. ಒತ್ತಕ್ಷರದ ಭಾಗ ಅವನದು.

ಜೂನ್ 9

ಚಿದಾನಂದ್ ಫೋನ್.

"ಮೇಡಂ, ನಾನ್ ಸೈನ್ ಮಾಡೋ ಹಾಗಿಲ್ವಂತೆ. ಕೋಡ್ ಆಫೀಸ್ ಮೇಲ್ ಐಡಿಯಿಂದ ಹಾಕಿದ್ದಲ್ವಾ... ಅದು ಕಂಪನಿದು ಅಂತಾರೆ ಲೀಗಲ್‌ನೋರು."

ಅವನು ಆಗ ಅದನ್ನು ಬರೆದದ್ದು ಭಾನುವಾರಗಳಲ್ಲಿ, ತ್ಯಾಗರಾಜನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ, ನಾನು ಮಾಡಿದ ಬಿಸಿಬೇಳೆಬಾತ್ ತಿಂದು. ಆಫೀಸ್ ಐಡಿ ಹಾಕು ಎಂದವಳೂ ನಾನೇ! ದೊಡ್ಡ ಕಂಪನಿಯ ಹೆಸರು ಕಂಡರೆ ಜನ ನಂಬುತ್ತಾರೆಂಬ ಆಸೆ. ಬುದ್ಧಿಗೆ ಮಂಕು ಕವಿದಿತ್ತು.

ಜೂನ್ 24

ಎರಡು ವಾರ ಕುಳಿತು ಅವನ ಭಾಗವನ್ನು ಹೊಸದಾಗಿ ಬರೆದೆ. ಭಾಷೆಯವರು ಒಪ್ಪಲಿಲ್ಲ. ಹಳೆಯದನ್ನು ಓದಿದವರು ಬರೆದರೆ ಅದೂ ನಕಲೇ ಅಂತೆ.

ಜೂನ್ 29, ಸಂಜೆ

ಚಿದಾನಂದ್ ಕಾಗದ ಹಿಡಿದು ಬಂದ. ಇಡೀ ಲೈಬ್ರರಿಯನ್ನು ಕಂಪನಿಯ ಹೆಸರಿಗೆ ಬರೆದುಕೊಟ್ಟರೆ ಒಪ್ಪಿಗೆಯನ್ನು ಅವರೇ ಕೊಡುತ್ತಾರಂತೆ.

"ನಿಮ್ ಹೆಸ್ರು ಥ್ಯಾಂಕ್ಸ್ ಲಿಸ್ಟಲ್ಲಿ ಇರತ್ತೆ ಮೇಡಂ."

ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಮ್ಮ ಯಜಮಾನರು ಪೇಪರ್ ಓದುತ್ತಲೇ, "ಹಾಕ್ಬಿಡೇ ಸೈನು. ಹೆಸ್ರು ಇಟ್ಕೊಂಡ್ ಏನ್ ಮಾಡ್ತೀಯ?" ಅಂದರು. ಗೇಟಿನ ಬೋರ್ಡಿನಲ್ಲಿ ಇವರ ಹೆಸರಿನ ಮುಂದೆ ಮೂರು ಡಿಗ್ರಿಗಳಿವೆ.

ಹಟ ಹಿಡಿದರೆ ಕನ್ನಡ ಹೆಸರುಗಳು ಇನ್ನೂ ಹತ್ತು ವರ್ಷ ಎಲ್ಲ ಪಟ್ಟಿಗಳಲ್ಲೂ ಅಡ್ಡಾದಿಡ್ಡಿ ನಿಲ್ಲುತ್ತವೆ. ಸಹಿ ಹಾಕಿದೆ.

ಅಕ್ಟೋಬರ್ 12

ಭಾಷೆಯ ಹೊಸ ವರ್ಷನ್ ಬಂತು, ಒಳಗೆ ನನ್ನ ಲೈಬ್ರರಿ. ಕೊಡುಗೆ — ಕಂಪನಿ. ಥ್ಯಾಂಕ್ಸ್ ಲಿಸ್ಟ್ ಮೂರು ಸಲ ಓದಿದೆ. ನಾನಿಲ್ಲ.

ಅಕ್ಟೋಬರ್ 15, ಮಧ್ಯಾಹ್ನ

ಮತ್ತೆ ಚಿದಾನಂದ್.

"ಮೇಡಂ, ಒಂದ್ ಬಗ್ ಬಂದಿದೆ. ಸೊನ್ನೆ ಇರೋ ಹೆಸ್ರೆಲ್ಲ ತಪ್ಪು ಜಾಗಕ್ಕೆ ಹೋಗ್ತಿವೆ. ಆ ಕೋಡ್ ನಮ್ಮಲ್ಲಿ ಯಾರಿಗೂ ಅರ್ಥ ಆಗ್ತಿಲ್ಲ. ನೀವೇ ಸ್ವಲ್ಪ ನೋಡ್ತೀರಾ?"

"ನಿಮ್ ಕಂಪನಿದಲ್ವೇನಪ್ಪಾ? ನೀವೇ ನೋಡ್ಕೊಳಿ."

ಫೋನ್ ಇಟ್ಟೆ. ಅವನಿಗೆ ಹೇಳಬೇಕಾಗಿದ್ದದ್ದನ್ನೆಲ್ಲ ಇಲ್ಲಿ ಅರ್ಧ ಪುಟ ಬರೆದು ಹೊಡೆದುಹಾಕಿದೆ. ನನಗೇನು ಗ್ರಹಚಾರ? ನಾನು ನೋಡುವುದಿಲ್ಲ.

2.40

ಲ್ಯಾಪ್‌ಟಾಪ್ ತೆರೆದಿದ್ದೇನೆ. ಸುಮ್ಮನೆ. ಸಂಗೀತಾ, ಸಂಪತ್... ಹೌದು, ತಪ್ಪೇ. ಪಾಪ, ಸಂಗೀತಾ ಪಟ್ಟಿಯ ಕೊನೆಯಲ್ಲಿ ನಿಂತಿದ್ದಾಳೆ. ಎಲ್ಲಿ... ಮೂವತ್ತನೇ ಸಾಲು. ಅಯ್ಯೋ, ಇದು ಒಂದೇ ಸಾಲು ಬದಲಿಸಿದರೆ