ಗಿರಣಿಯ ನಡುವೆ ಗೋಡೆ

ಭಾನುವಾರ, ಮಧ್ಯಾಹ್ನ

ತಂಗೀ,

ಕ್ಷೇಮವೇ ಎಂದು ಕೇಳುವಷ್ಟು ತಾಳ್ಮೆ ನನಗೀಗ ಉಳಿದಿಲ್ಲ. ನೀನು ಮಗಳನ್ನು ಎತ್ತಿಕೊಂಡು ಹೋಗಿ ನಿನ್ನ ಅಣ್ಣನ ಮನೆ ಸೇರಿದೆ, ನಿನ್ನ ಪರವಾಗಿ ಮಾತಾಡಲು ಅವನನ್ನು ಇಲ್ಲಿಗೆ ಅಟ್ಟಿದೆ. ಇಲ್ಲಿ ಏನಾಯಿತೆಂದು ಕೇಳು.

ನಮ್ಮಿಬ್ಬರ ಯಜಮಾನರು 'ನೀವಿಬ್ರೂ ನನ್ನ ಎರಡು ಕಣ್ಣು' ಅನ್ನುತ್ತಿದ್ದರಲ್ಲ, ಯಾರಿಗೆ ಏನು ಎಂದು ಹೇಳದೆ ಎರಡನ್ನೂ ಮುಚ್ಚಿಕೊಂಡು ಹೋದರು. ನನ್ನ ಮಗ, 'ಹಿಟ್ಟಿನ ಗಿರಣಿ ಹಿರೀ ಹೆಂಡ್ತಿ ಮಗನಿಗೆ. ಚಿಕ್ಕಮ್ಮನಿಗೆ ಊಟ ಬಟ್ಟೆ ಸಾಕು' ಎಂದ. ನಿನ್ನ ಅಣ್ಣ, 'ಹೆಂಡ್ತೀರು ಇಬ್ರು, ಸೀಳಿ ಅರ್ಧ ಕೊಡಿ' ಎಂದ. ನನ್ನ ಇಬ್ಬರು ಹೆಣ್ಣುಮಕ್ಕಳ ಸುದ್ದಿ ಯಾರ ಬಾಯಲ್ಲೂ ಬರಲಿಲ್ಲ.

ಕೊನೆಗೆ ಹಟಕ್ಕೆ ಬಿದ್ದು ಗಿರಣಿಯ ನಡುವೆ ಇಟ್ಟಿಗೆಯ ಗೋಡೆ ಎಬ್ಬಿಸಿದರು. ಯಂತ್ರ ನನ್ನ ಮಗನ ಕಡೆ, ಸ್ವಿಚ್ಚು ನಿನ್ನ ಅಣ್ಣನ ಕಡೆ! ಗೋಧಿ ಚೀಲ ಹೊತ್ತವರು ಬಾಗಿಲಲ್ಲಿ ನಿಂತಿದ್ದಾರೆ. ಇವನು 'ಹಾಕ್ರೀ ಸ್ವಿಚ್ಚು' ಎಂದು ಕೂಗುತ್ತಾನೆ. ಅವನು 'ಮೊದ್ಲು ನನ್ನ ತಂಗಿ ಪಾಲು ಮಾತಾಡು' ಎಂದು ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ. ಗಂಡಸರ ಜಗಳದಲ್ಲಿ ಗಿರಣಿ ಬಡವಾಯ್ತು. ಜನ ಚೀಲ ಎತ್ತಿಕೊಂಡು ಪಕ್ಕದ ಬೀದಿಯ ಗಿರಣಿಗೆ ಹೋದರು.

ನನಗೆ ತಲೆ ಕೆಟ್ಟಿತು. ಕಟ್ಟಿದ ಗಾರೆಯವನನ್ನೇ ಕರೆಸಿ ಕೆಡವು ಎಂದೆ. 'ಅಮ್ಮಾ, ಇನ್ನೂ ಒಣಗೇ ಇಲ್ವಲ್ಲ' ಎಂದ. 'ಅದಕ್ಕೇ, ಈಗ್ಲೇ ಕೆಡವು' ಎಂದೆ.

ದೊಡ್ಡ ಭಾವನವರನ್ನೂ ಕರೆಸಿ, ಇಟ್ಟಿಗೆ ರಾಶಿಯ ಪಕ್ಕದಲ್ಲೇ ಎಲ್ಲರನ್ನೂ ಕೂರಿಸಿ ಹೇಳಿದೆ: ಹೆಂಡತಿಯರು ಇಬ್ಬರು, ಮಕ್ಕಳು ನಾಲ್ವರು, ಆರು ಸಮಪಾಲು. ನಿನ್ನ ಮಗಳು ಚಿಕ್ಕವಳೆಂದು ಅವಳ ಪಾಲು ಚಿಕ್ಕದಲ್ಲ. ಯಂತ್ರವನ್ನು ಸೀಳುವಂತಿಲ್ಲ, ಬಂದದ್ದನ್ನು ಹಂಚಿಕೊಳ್ಳುವುದು. ಗಿರಣಿ ನಡೆಸುವವಳು ನೀನು. ಯಜಮಾನರು ಹಾಸಿಗೆ ಹಿಡಿದಾಗ ಸವೆದ ಕಲ್ಲು ಕುಟ್ಟಿಸಿ, ಹರಿದ ಬೆಲ್ಟು ಬದಲಿಸಿ ಅದನ್ನು ಉಳಿಸಿದವಳು ನೀನೇ ತಾನೆ? ನಿನ್ನ ಅಣ್ಣ ಅರ್ಧಕ್ಕಿಂತ ಕಮ್ಮಿಯಾಯಿತೆಂದು ಗೊಣಗಿದ. ಪಾಲು ಅವನದಲ್ಲವಲ್ಲ, ಗೊಣಗಲಿ. ಪಾಲುಪತ್ರಕ್ಕೆ ನಾನು ರುಜು ಹಾಕಿದ್ದೇನೆ, ಹೆಣ್ಣುಮಕ್ಕಳಿಬ್ಬರೂ ಹಾಕಿದ್ದಾರೆ. ಇನ್ನು ನೀನು ಬಂದು ಹಾಕಬೇಕು.

ನಾಳೆಯೇ ಹೊರಡು. ಜಗಳ ಆಡಬೇಕಿದ್ದರೆ ನನ್ನ ಜೊತೆ ನೀನೇ ಆಡು, ಬಾಡಿಗೆ ಬಾಯಿ ಕಳಿಸಬೇಡ.

ಜನ ಸವತಿ ಅನ್ನುವ,
ನಿನ್ನ ಅಕ್ಕ

ಮರೆತಿದ್ದೆ: ರುಜು ಹಾಕು ಎಂದಾಗ ನನ್ನ ಮಗ, 'ಇವತ್ತಿಂದ ನೀನು ಅವಳ ಅಕ್ಕ, ನನ್ನ ತಾಯಿ ಅಲ್ಲ' ಎಂದು ಬಟ್ಟೆ ತುಂಬಿಕೊಂಡು ಮನೆ ಬಿಟ್ಟು ಹೋದ. ಅವನ ಪಾಲು ಅವನಿಗೇ ಇರುತ್ತದೆ, ಯಾವಾಗ ಬಂದರೂ ಸರಿ. ಮರೆತಿದ್ದೆ ಅಂದದ್ದು ಸುಳ್ಳು. ಮಗಳನ್ನು ಅಲ್ಲಿ ಬಿಟ್ಟು ಬರಬೇಡ. ಅವಳು ಎಷ್ಟು ಗಲಾಟೆ ಮಾಡಿದರೂ ನಾನು ಗದರುವುದಿಲ್ಲ.