ಮರ್ವ್‌ನ ಕಾಲು, ಎರಡು ಎಂಜಿನ್

ಪೋರ್ಟ್ ಅಗಸ್ಟಾ
ಗುರುವಾರ, ಫೆಬ್ರವರಿ 19

ಪ್ರೀತಿಯ ಅಪ್ಪಾ,

ಸೊಂಟ ಹೇಗಿದೆ? ಹೊಸ ಕೀಲು ಹಾಕಿದ ಮೇಲೆ ಗಾಯ ಕೀವು ಕಟ್ಟಿತ್ತಲ್ಲ, ಪೂರ್ತಿ ಒಣಗಿತೇ? ದಿನಕ್ಕೆ ಎರಡು ಸಲ ನಡೆಯಬೇಕೆಂದು ಡಾಕ್ಟರು ಹೇಳಿದರೆ ನೀನು ಅಡಿಲೇಡಿನ ಆಸ್ಪತ್ರೆಯ ಚಹಾ ನೀರು ನೀರಾಗಿದೆ ಎಂದು ಮುನಿಸಿಕೊಂಡು ಮಲಗಿರುತ್ತೀಯಂತೆ. ಚಹಾಕ್ಕೂ ಸೊಂಟಕ್ಕೂ ಏನು ಸಂಬಂಧವೋ ನಿನಗೇ ಗೊತ್ತು. ಸುಮ್ಮನೆ ಎದ್ದು ನಡೆ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನಲವತ್ತನಾಲ್ಕು ಡಿಗ್ರಿ ಬಿಸಿಲಲ್ಲೂ ಒಲೆ ಹಚ್ಚಿ ನಿನಗೆಂದು ಹಣ್ಣಿನ ಕೇಕ್ ಮಾಡಿದ್ದಾಳೆ. ಈ ಕಾಗದದ ಜೊತೆಗೇ ಬರುತ್ತದೆ.

ಇನ್ನು ಮುಂದಿನದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಅರ್ಧ ಕೇಳಿ ಬಾಯಿ ಹಾಕುತ್ತೀಯ, ನನಗೆ ಸಿಟ್ಟು ಬರುತ್ತದೆ, ವಿಷಯ ಅಲ್ಲೇ ಉಳಿಯುತ್ತದೆ. ವಿಷಯ ನಿನ್ನ ವರದಿಯದು. ಕಂಪನಿ ಕೊಳ್ಳಲಿರುವ ಎಂಬತ್ತು ಲಾರಿಗಳಿಗೂ ಹದಿನಾರು ಲೀಟರಿನ ದೊಡ್ಡ ಎಂಜಿನ್, ಕೈಯಿಂದ ಹಾಕುವ ಹದಿನೆಂಟು ಗೇರು ಇರಲಿ ಎಂದು ಬರೆದಿಟ್ಟು ಆಸ್ಪತ್ರೆ ಸೇರಿದೆಯಲ್ಲ, ಅದು. ಹದಿಮೂರು ಲೀಟರಿನ, ಆಟೊಮ್ಯಾಟಿಕ್ ಗೇರಿನ ಲಾರಿಗಿಂತ ಅದೇ ಕಡಿಮೆ ಡೀಸೆಲ್ ಕುಡಿಯಿತು ಎಂದು ಪರೀಕ್ಷೆಯ ಅಂಕಿಗಳನ್ನೂ ನೀನು ಕೊಟ್ಟಿದ್ದೆ. ನಮ್ಮ ಯಜಮಾನಿ ರೋಸಲಿಂಡ್ ಅದನ್ನು ಓದಲೂ ಇಲ್ಲ. "ನಿಮ್ಮಪ್ಪ ಕ್ಲೆಮ್ ಹೇಳಿದ್ಮೇಲೆ ಮುಗೀತಲ್ಲ. ಅಂಕಿ ಒಂದ್ಸಲ ನೋಡಿ ಕಳಿಸ್ಬಿಡಮ್ಮ" ಎಂದರು. ಇಪ್ಪತ್ತೊಂಬತ್ತು ವರ್ಷ ವರ್ಕ್‌ಶಾಪ್ ನಡೆಸಿದವನ ಮಾತಿಗೆ ಇಷ್ಟು ಬೆಲೆ ಇರುವುದು ಕಂಡು ನನಗೆ ಹೆಮ್ಮೆಯಾಯಿತು. ಡೀಸೆಲ್ ನೋಡಿಕೊಳ್ಳುವುದು ನನ್ನ ಕೆಲಸ, ಹಾಗಾಗಿ ನೋಡಿದೆ.

ನೋಡಿದರೆ ಆರು ವಾರವೂ ದೊಡ್ಡ ಎಂಜಿನ್ನಿನ ಲಾರಿಯಲ್ಲಿ ಕೂತವನು ಮರ್ವ್. ಹೊಸ ಲಾರಿ ಬಂದರೆ ಹಿರಿಯ ಚಾಲಕನೇ ಮೊದಲು ಆರಿಸಿಕೊಳ್ಳುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ, ಸರಿ. ಅವನು ಕೈಗೇರಿನದನ್ನು ಬಿಟ್ಟು ಇನ್ನೊಂದನ್ನು ಮುಟ್ಟುತ್ತಾನೆಯೇ? ಆದರೆ ಮರ್ವ್‌ನ ಕಾಲಡಿ ಮೊಟ್ಟೆ ಇಟ್ಟರೂ ಒಡೆಯುವುದಿಲ್ಲ. ಚಿಕ್ಕ ಎಂಜಿನ್ ಓಡಿಸಿದ ರಸ್ ಮನೆಗೆ ಬೆಂಕಿ ಬಿದ್ದವನ ಹಾಗೆ ಓಡಿಸುವವನು. ಹಾಗಾದರೆ ಗೆದ್ದದ್ದು ಎಂಜಿನ್ನೋ, ಮರ್ವ್‌ನ ಕಾಲೋ? ಇಬ್ಬರನ್ನೂ ಅದಲುಬದಲು ಮಾಡಿ ಇನ್ನೂ ಮೂರು ವಾರ ಓಡಿಸಿದೆ. ಮರ್ವ್ ಮಾಡಿದ ರಂಪ ಕೇಳಬೇಡ. "ಗೇರು ಹಾಕೋದೂ ಮಿಷಿನ್ನೇ ಆದ್ರೆ ನನ್ನನ್ಯಾಕೆ ಕೂರಿಸ್ತೀಯ? ಒಂದು ಆಲೂಗೆಡ್ಡೆ ಮೂಟೆ ಕೂರಿಸು" ಎಂದ. "ಮೂಟೆ ಇಷ್ಟೊಂದು ಗೊಣಗಲ್ಲ ಮರ್ವ್, ಹತ್ತು" ಎಂದೆ. ಮೂರನೆಯ ವಾರ ಅವನೇ ಬಂದು, ಕ್ಲಚ್ ತುಳಿಯುವುದು ತಪ್ಪಿ ಎಡಮಂಡಿ ನೋವು ಕಡಿಮೆಯಾಗಿದೆ, ಯಾರಿಗೂ ಹೇಳಬೇಡ ಎಂದ. ನಿನಗೆ ಹೇಳಿದ್ದೇನೆ.

ಅಡಿಲೇಡ್ ದಾರಿಯಲ್ಲಿ, ಎರಡು ಟ್ರೇಲರ್ ಕಟ್ಟಿದಾಗ, ಚಿಕ್ಕ ಎಂಜಿನ್ನೇ ನೂರು ಕಿಲೋಮೀಟರಿಗೆ ನಾಲ್ಕು ಲೀಟರ್ ಕಡಿಮೆ ಕುಡಿಯಿತು. ಡಾರ್ವಿನ್ ಕಡೆಗೆ ಮೂರು ಟ್ರೇಲರ್ ಎಳೆಯುವಾಗ ಮಾತ್ರ ಅದು ಏದುಸಿರು ಬಿಡುತ್ತದೆ, ಎಂಜಿನ್ ತಣಿಸುವ ಫ್ಯಾನ್ ನಿಲ್ಲುವುದೇ ಇಲ್ಲ. ಅಲ್ಲಿ ನಿನ್ನ ದೊಡ್ಡದೇ ಸರಿ. ಹಾಗಾಗಿ ಐವತ್ತು ಚಿಕ್ಕವು, ಮೂವತ್ತು ದೊಡ್ಡವು ಎಂದು ತಿದ್ದಿದ್ದೇನೆ. ದೊಡ್ಡದು ಕೆಟ್ಟರೆ ನಾವೇ ರಿಪೇರಿ ಮಾಡುತ್ತೇವೆ, ಚಿಕ್ಕದು ಕೆಟ್ಟರೆ ತಯಾರಿಸಿದ ಕಂಪನಿಯವರೇ ಒಯ್ದು ಬೇರೆಯದು ಕೊಡುತ್ತಾರೆ. ಅಂದರೆ ನಾವು ಎಂಜಿನ್ ಬಿಚ್ಚಿ ಕಟ್ಟುವ ಶೆಡ್ಡಿನಲ್ಲಿ ನಾಲ್ವರ ಬದಲು ಒಬ್ಬನಿಗಾಗುವಷ್ಟೇ ಕೆಲಸ ಉಳಿಯುತ್ತದೆ. ನಾಲ್ವರೂ ನಿನ್ನ ಕೈಕೆಳಗೆ ಕಲಿತವರು. ಅದನ್ನು ಬರೆಯಲು ನನಗೆ ಕೈ ಬರಲಿಲ್ಲ, ಆದರೂ ಬರೆದೆ.

ವರದಿ ನಿನ್ನ ಹೆಸರಿನಲ್ಲೇ ಇದೆ. ಮೊದಲ ಪರೀಕ್ಷೆಯಲ್ಲಿ ಚಾಲಕರನ್ನು ಬದಲಿಸದೆ ಬಿಟ್ಟದ್ದು ಕಣ್ತಪ್ಪು ಎಂದು ಒಂದು ಸಾಲು ಸೇರಿಸಿದ್ದೇನೆ. ಪುಟ ಲಕೋಟೆಯಲ್ಲಿದೆ, ಸಹಿ ಹಾಕಿ ಕಳಿಸು. ಮುಂದಿನ ಶುಕ್ರವಾರ ರೋಸಲಿಂಡ್‌ಗೆ ಕೊಡಬೇಕು.

ಕೇಕನ್ನು ಒಬ್ಬನೇ ಮುಗಿಸಬೇಡ, ಪಕ್ಕದ ಹಾಸಿಗೆಯವರಿಗೂ ಕೊಡು. ಅಮ್ಮ ನಿನ್ನನ್ನೇ ನೆನೆಯುತ್ತಿರುತ್ತಾಳೆ, ನಾನೂ. ಬೇಗ ಗುಣವಾಗಿ ಮನೆಗೆ ಬಾ.

ನಿನ್ನ ಮಗಳು,
ಲೀತ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಎರಡು ವರ್ಷದ ಹಿಂದೆ ಟೈರ್ ಪರೀಕ್ಷೆ ನಡೆದಾಗ ವಾರ ವಾರವೂ ಚಾಲಕರನ್ನು ಬದಲಿಸಿದವನು ನೀನೇ. ಮರ್ವ್ ತಕರಾರು ತೆಗೆದದ್ದಕ್ಕೆ "ನಿನ್ನ ಪದ್ಧತಿ ಮನೇಲಿಟ್ಕೊ" ಎಂದು ನೀನೇ ಗದರಿಸಿದ್ದೆ. ಅದಕ್ಕೇ ಕೇಳುತ್ತಿದ್ದೇನೆ ಅಪ್ಪಾ, ಇದು ಕಣ್ತಪ್ಪೇ ತಾನೆ? ಹೌದಾದರೆ ಸಹಿ ಹಾಕು. ಆ ನಾಲ್ವರಿಗಾಗಿ ಗೊತ್ತಿದ್ದೇ ಮಾಡಿದ್ದರೆ ಹಾಕಬೇಡ, ಖಾಲಿ ಬಿಟ್ಟು ಕಳಿಸು. ನಾನು ಆ ಸಾಲು ಹೊಡೆದು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ರೋಸಲಿಂಡ್ ಕರೆದಾಗ ನಿನ್ನ ಜೊತೆ ನಾನೂ ಬರುತ್ತೇನೆ.